ಫ್ರಿಜ್ಜಿನೊಳಗಿನ ಟೈರು

ಹೋದ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹಿತಕಿದ ಬೇಳೆಯ ಡಬ್ಬಿ ತೆಗೆಯಲೆಂದು ಫ್ರೀಜರಿನ ಬಾಗಿಲು ತೆಗೆದ ಅವ್ವ ಹಾಗೇ ನಿಂತುಬಿಟ್ಟಳು. ಡಬ್ಬಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕಪ್ಪು ವಸ್ತುವೊಂದು ಅವಳ ಕೈಗೆ ಸಿಕ್ಕಿತ್ತು.

‘ಲೋ, ಇದೇನೋ ಇದು ಕರ್ರಗೆ?’

‘ಟೈರಿನ ತುಂಡು ಅವ್ವ.’

‘ತಿನ್ನೋ ಪದಾರ್ಥದ ಪಕ್ಕ ಟೈರ್ ಮಡಗಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿಂಗೆ?’

‘ನಿನ್ನ ಹಿಮ ತೋರ್ಸೋಕೆ ಕರ್ಕೊಂಡು ಹೋಗೋದಕ್ಕೇ ಕಣವ್ವ ಅದು’ ಎಂದೆ. ಅವ್ವನಿಗೆ ಅರ್ಥವಾಗಲಿಲ್ಲ. ಕವರನ್ನು ಎರಡು ಬೆರಳಲ್ಲಿ ಹಿಡಿದು ಸಿಂಕಿನ ಕಟ್ಟೆಯ ಮೇಲಿಟ್ಟಳು. ನಾನು ಓಡಿಹೋಗಿ, ತುಂಡು ಬಿಸಿಯಾಗುವ ಮುಂಚೆ, ಕೆಲಸದ ಶೆಡ್ಡಿನಿಂದ ತಂದಿದ್ದ ಮೀಟರನ್ನು ಅದರ ಮೇಲೆ ಒತ್ತಿದೆ. ಮುಳ್ಳು 76ರಲ್ಲಿ ನಿಂತಿತು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಮನೆ ರಾಜಗೋಪಾಲನಗರದಲ್ಲಿ. ಪೀಣ್ಯ ಎರಡನೇ ಹಂತದ ಲೇತುಗಳ ಸದ್ದು ಗಾಳಿ ಈ ಕಡೆ ಬೀಸಿದಾಗ ಅಡುಗೆಮನೆಯವರೆಗೂ ಬರುತ್ತದೆ. ನಾನು ಕೆಲಸ ಮಾಡುವುದು ರಬ್ಬರ್ ಬಿಡಿಭಾಗಗಳ ಒಂದು ಸಣ್ಣ ಘಟಕದಲ್ಲಿ. ಓ-ರಿಂಗು, ಗ್ಯಾಸ್ಕೆಟ್ಟು, ಪಂಪಿನ ಸೀಲು ಮಾಡುತ್ತೇವೆ. ರಬ್ಬರ್ ಎಷ್ಟು ಗಟ್ಟಿ ಎಂದು ಅಳೆಯಲು ನಮ್ಮ ಬಳಿ ಅಂಗೈಯಲ್ಲಿ ಹಿಡಿಯುವ ಮೀಟರಿದೆ. ಅದರ ಸೂಜಿಯನ್ನು ಒತ್ತಿದರೆ ಶೋರ್ ಎ ಎಂಬ ಮಾನದಲ್ಲಿ ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆ ತೋರಿಸುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ.

ಅಪ್ಪ ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಬಂದು ಟೈರ್ ರೀಟ್ರೆಡಿಂಗ್ ಮಾಡುವ ಶೆಡ್ಡು ಸೇರಿದವನು. ಸವೆದು ಬೋಳಾದ ಲಾರಿ ಟೈರುಗಳಿಗೆ ಹೊಸ ಮೈ ಹೊದಿಸುವ ಕೆಲಸ. ಸಂಜೆ ಮನೆಗೆ ಬಂದರೆ ಸೋಪು ಎಷ್ಟು ಹಚ್ಚಿದರೂ ಹೋಗದ ಸುಟ್ಟ ರಬ್ಬರಿನ ವಾಸನೆ. ದಾರಿಯಲ್ಲಿ ನಿಂತ ಯಾವ ವಾಹನದ ಟೈರನ್ನಾದರೂ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. ‘ಎಷ್ಟು ದೊಡ್ಡ ಗಾಡಿಯಾದ್ರೂ ನೆಲ ಮುಟ್ಟೋದು ಅಂಗೈ ಅಗಲ ಜಾಗದಲ್ಲಿ ಕಣೋ. ಜೀವ ಇರೋದು ಅಲ್ಲೇ’ ಎನ್ನುತ್ತಿದ್ದ. ಕಾರಿನ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಲೆಕ್ಕಕ್ಕೂ ಸರಿ. ಒಂದು ಟೈರು ಒಂದು ಕ್ಷಣದಲ್ಲಿ ರಸ್ತೆಯನ್ನು ಹಿಡಿದಿರುವುದು ಸರಿಸುಮಾರು ಒಂದು ಅಂಗೈಯಷ್ಟೇ ಜಾಗದಲ್ಲಿ.

1990ರಲ್ಲಿ ‘ಮುತ್ತಿನ ಹಾರ’ ಬಿಡುಗಡೆಯಾದಾಗ ಅಪ್ಪ ಅವ್ವನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ವಿಷ್ಣುವರ್ಧನ್, ಸುಹಾಸಿನಿ ಹಿಮದ ನಡುವೆ ನಿಂತ ಆ ದೃಶ್ಯಗಳು ಅವ್ವನ ಕಣ್ಣಿಗೆ ಅಂಟಿಕೊಂಡವು. ‘ಅದನ್ನ ಮುಟ್ಟಿದ್ರೆ ಹೆಂಗಿರ್ತದೆ?’ ಎಂದು ಕೇಳಿದಳಂತೆ. ‘ಒಂದಿನ ಹೋಗಿ ಮುಟ್ಟೋಣ ಬಿಡು’ ಎಂದನಂತೆ ಅಪ್ಪ. ಆ ಒಂದು ದಿನ ಬರುವ ಮೊದಲೇ ಅವನು ಹೋದ. ಅವ್ವನಿಗೆ ಈಗ ಎಪ್ಪತ್ತೆರಡು; ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಾಳೆ. ವಿಮಾನವೆಂದರೆ ಭಯ, ‘ನೆಲ ಬಿಟ್ಟು ನಾನು ಬರಾಕಿಲ್ಲ’ ಎಂಬುದು ಹಟ. ಹಾಗಾಗಿ ಜನವರಿಯಲ್ಲಿ ನನ್ನ ಸಣ್ಣ ಕಾರಿನಲ್ಲೇ ಮನಾಲಿಗೆ ಹೋಗುವುದೆಂದು ತೀರ್ಮಾನವಾಯಿತು. ನಾನು, ಹೆಂಡತಿ, ಅವ್ವ, ಮತ್ತು ಸ್ಟೀರಿಂಗ್ ಹಂಚಿಕೊಳ್ಳಲು ಭಾಮೈದ. ದಾರಿ ಸುಮಾರು 2,700 ಕಿಲೋಮೀಟರ್.

ಟೈರಿನ ಪ್ರಶ್ನೆ ಎದ್ದದ್ದು ಆಗಲೇ. ಮುಖ್ಯರಸ್ತೆಯ ಟೈರ್ ಅಂಗಡಿಗೆ ಹೋಗಿ ಹಿಮದ ಟೈರು ಕೇಳಿದೆ. ಅಂಗಡಿಯಣ್ಣ ಟೀ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ‘ಹಿಮಕ್ಕಾ? ಸಾರ್, ನಮ್ಮೂರಲ್ಲಿ ಗುಂಡಿಗೆ ಟೈರ್ ಕೇಳ್ತಾರೆ, ನೀರಿಗೆ ಕೇಳ್ತಾರೆ. ಹಿಮಕ್ಕೆ ಕೇಳಿದೋರು ನೀವೇ ಮೊದಲು.’

ಆದರೂ ಹುಡುಕಿದ. ದೊಡ್ಡ ಗಾಡಿಗಳ ಕೆಲವು ಟೈರುಗಳ ಪಕ್ಕದಲ್ಲಿ ಎಂ+ಎಸ್ ಎಂಬ ಅಚ್ಚಿತ್ತು. ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ. ‘ಸ್ನೋ ಅಂತ ಬರ್ದಿದೆಯಲ್ಲ ಸಾರ್’ ಎಂದ. ನನಗೂ ಸರಿಯೆನ್ನಿಸಿತು. ರಾತ್ರಿ ಜರ್ಮನಿಯಲ್ಲಿರುವ ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು. ‘ಮಾವ, ಅದು ಕಂಪನಿಯವರು ತಾವೇ ಹಾಕ್ಕೊಳ್ಳೋ ಗುರುತು. ಪರೀಕ್ಷೆ ಮಾಡಿ ಕೊಟ್ಟಿದ್ದಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಚಿತ್ರ ಇದೆಯಾ ನೋಡಿ.’ ಆ ಚಿತ್ರ ಇರಲಿಲ್ಲ.

ಅವಳು ಹೇಳಿದ್ದರಲ್ಲಿ ಕಲಿಯುವಂಥದ್ದು ಬಹಳವಿತ್ತು. ಆ ಬೆಟ್ಟದ ಗುರುತು ಬೇಕಾದರೆ ಟೈರು ಹಿಮದ ಮೇಲೆ ನಿಗದಿತ ಪರೀಕ್ಷೆಯಲ್ಲಿ ಗೆಲ್ಲಬೇಕು. ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಕಡ್ಡಾಯ ಎಂದು ಜರ್ಮನಿ 2010ರಲ್ಲಿ ಸ್ಪಷ್ಟವಾಗಿ ಕಾನೂನು ಮಾಡಿತು. 2024ರ ಅಕ್ಟೋಬರಿನಿಂದ ಅಲ್ಲಿ ಬರೀ ಎಂ+ಎಸ್ ಸಾಲದು, ಬೆಟ್ಟದ ಗುರುತೇ ಬೇಕು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬುದು ಅಲ್ಲಿನವರ ಬಾಯಲ್ಲಿರುವ ರೂಢಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಂತೂ ತಾರೀಖೇ ಗೊತ್ತು ಮಾಡಿದ್ದಾರೆ, ಡಿಸೆಂಬರ್ 1ರಿಂದ ಮಾರ್ಚ್ 15. ಈ ಟೈರುಗಳ ತವರು ಫಿನ್ಲೆಂಡ್. 1934ರಲ್ಲಿ ಅಲ್ಲಿ ಲಾರಿಗಳಿಗೆಂದು ಮಾಡಿದ ಟೈರನ್ನು ಜಗತ್ತಿನ ಮೊದಲ ಚಳಿಗಾಲದ ಟೈರು ಎನ್ನುತ್ತಾರೆ. ಎರಡು ವರ್ಷದ ನಂತರ ಕಾರುಗಳಿಗೂ ಬಂತು.

ಈ ಟೈರಿನಲ್ಲಿ ಅಂಥದ್ದೇನಿದೆ? ರಬ್ಬರಿನವನಾದ ನನಗೆ ಅದು ಬೇಗ ತಲೆಗೆ ಹೋಯಿತು. ನಮ್ಮಂಥ ಊರಿನ ಟೈರು ಕಾದ ಡಾಂಬರಿನ ಮೇಲೆ ಕರಗದಂತೆ, ಬೇಗ ಸವೆಯದಂತೆ ಹದ ಮಾಡಿದ್ದು. ಹವೆ ತಣ್ಣಗಾದಂತೆ ಅದು ಬಿಗಿಯುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ರಸ್ತೆಯನ್ನು ಹಿಡಿಯುವ ಗುಣ ಕಡಿಮೆಯಾಗುತ್ತದೆ ಎನ್ನುತ್ತಾರೆ ಟೈರ್ ತಯಾರಕರು. ಚಳಿಗಾಲದ ಟೈರಿನ ಹದವೇ ಬೇರೆ. ಚಳಿಯಲ್ಲೂ ಮೆತ್ತಗಿರುವ ನೈಸರ್ಗಿಕ ರಬ್ಬರ್, ಬ್ಯುಟಾಡೈನ್ ರಬ್ಬರುಗಳ ಪಾಲು ಅದರಲ್ಲಿ ಹೆಚ್ಚು, ಜೊತೆಗೆ ಸಿಲಿಕಾ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳಗಿನ ಜಾವ ಮರ ಗೀರಿ ತೆಗೆಯುತ್ತಾರಲ್ಲ, ಅದೇ ಹಾಲು. ಬಿಸಿಲ ನಾಡಿನ ಮರದ ಹಾಲಿಗೆ ಚಳಿ ತಡೆಯುವ ಗುಣವಿರುವುದು ನನಗೆ ಯಾವಾಗಲೂ ಸೋಜಿಗ. ಇನ್ನು ಟೈರಿನ ಮೇಲಿನ ಒಂದೊಂದು ಉಬ್ಬಿನಲ್ಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಉರುಳುವಾಗ ಆ ಸೀಳುಗಳು ಬಾಯಿ ಬಿಟ್ಟು ಹಿಮವನ್ನು ಕಚ್ಚುತ್ತವೆ. ಗೆರೆಗಳಲ್ಲಿ ಹಿಮ ತುಂಬಿಕೊಂಡರೆ ಒಳ್ಳೆಯದೇ, ಏಕೆಂದರೆ ಹಿಮ ಹಿಮಕ್ಕೆ ಅಂಟುತ್ತದೆ, ಉಂಡೆ ಕಟ್ಟಿದಂತೆ.

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಎಂದರೆ ಟೈರಿನವರು ಗೆರೆ ಎಳೆದ ಆ 7 ಡಿಗ್ರಿಯನ್ನು ನಮ್ಮ ಊರು ಒಂದು ದಿನವೂ ದಾಟಿಲ್ಲ. ಅಂಗಡಿಯಣ್ಣ ನನ್ನ ಮುಖ ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಂಬಿಕೆಗೆ ಕೈಯಲ್ಲಿ ಹಿಡಿಯುವ ಪುರಾವೆ ಬೇಕೆನ್ನಿಸಿತು. ರಬ್ಬರ್ ಕೆಲಸದವರಿಗೆ 1986ರ ಜನವರಿ 28 ಮರೆಯುವ ದಿನವಲ್ಲ. ಆ ಚಳಿಯ ಬೆಳಿಗ್ಗೆ ಹಾರಿದ ಚಾಲೆಂಜರ್ ಗಗನನೌಕೆ ಏಳು ಜನರೊಂದಿಗೆ ಸಿಡಿದುಹೋಯಿತು. ಬಿಗಿದುಕೊಂಡ ರಬ್ಬರ್ ಓ-ರಿಂಗು ಕಾರಣವೆಂಬುದನ್ನು ವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯಲ್ಲಿ ಒಂದು ಲೋಟ ಐಸ್ ನೀರಿನಲ್ಲಿ ರಬ್ಬರ್ ತುಂಡು ಮುಳುಗಿಸಿ ತೋರಿಸಿದರು. ನನ್ನ ಬಳಿ ಇದ್ದದ್ದು ಅವ್ವನ ಫ್ರಿಜ್ಜು. ಅಂಗಡಿಯಲ್ಲಿ ಹೊಸದರಲ್ಲೇ ಪಕ್ಕ ಸೀಳಿಹೋಗಿದ್ದ ಟೈರೊಂದಿತ್ತು. ಅದರಿಂದ ಒಂದು ತುಂಡು ಕೊಯ್ಸಿಕೊಂಡು ಬಂದೆ. ಮನೆಯ ಹವೆಯಲ್ಲಿ ಮೀಟರು 64 ತೋರಿಸಿತು. ಕೆಳಗಿನ ತರಕಾರಿ ಖಾನೆಯಲ್ಲಿ ಒಂದು ರಾತ್ರಿ ಇಟ್ಟಾಗ 67. ಫ್ರೀಜರಿನಲ್ಲಿ ಇಟ್ಟಾಗ, ಆ ಭಾನುವಾರ ಬೆಳಿಗ್ಗೆ, 76.

ಅದಾದ ಮೇಲೆ ಮೀಟರು ಕೈಯಲ್ಲೇ ಇತ್ತೆಂದು ಕೆಳಗೆ ಹೋಗಿ ನನ್ನ ಕಾರಿನ ಟೈರುಗಳಿಗೂ ಒತ್ತಿದೆ. 75. ಬೆಂಗಳೂರಿನ ಹೂಬಿಸಿಲಲ್ಲಿ ನಿಂತಿದ್ದ ಗಾಡಿಯ ಟೈರು, ಫ್ರೀಜರಿನಲ್ಲಿಟ್ಟ ಟೈರಿನಷ್ಟೇ ಬಿಗಿದುಕೊಂಡಿತ್ತು. ಬಗ್ಗಿ ಪಕ್ಕದ ಅಚ್ಚು ಓದಿದೆ. ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆದಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿಗೆ ಏಳು ವರ್ಷ ತುಂಬಿತ್ತು. ಉಬ್ಬುಗಳು ಇನ್ನೂ ಚೆನ್ನಾಗಿಯೇ ಇದ್ದವು, ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎರಡು ಪಟ್ಟಿತ್ತು ಆಳ. ಕಣ್ಣಿಗೆ ಎಲ್ಲವೂ ಸರಿ. ಚಳಿ ಮಾಡುವ ಕೆಲಸವನ್ನು ವಯಸ್ಸು ಸದ್ದಿಲ್ಲದೆ ಮಾಡಿ ಮುಗಿಸಿತ್ತು. ಹಿಮವಿರಲಿ, ಪ್ರತಿ ಮಳೆಗಾಲ ಇದೇ ಟೈರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಕುಣಿಗಲ್ಲಿಗೆ ಹೋಗಿಬಂದಿದ್ದೆನಲ್ಲ ಎಂದು ಆಗ ಮೈ ಜುಂ ಎಂದಿತು. ಹೆಬ್ಬೆರಳಿನಿಂದ ಒತ್ತಿ ನೋಡುವ ಅಪ್ಪನ ಅಭ್ಯಾಸವನ್ನು ನಾನು ಗೀಳು ಎಂದುಕೊಂಡಿದ್ದೆ.

ಕೊನೆಗೆ ಆಯ್ಕೆ ಮಾಡಿದ್ದು ಹೀಗೆ. ನನ್ನ ಕಾರಿನ ಅಳತೆಗೆ ಬೆಟ್ಟದ ಗುರುತಿನ ಟೈರು ನಾನು ಕೇಳಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ಇದ್ದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ನಮ್ಮ 2,700 ಕಿಲೋಮೀಟರಿನಲ್ಲಿ ಹಿಮವಿರುವುದು ಕೊನೆಯ ಮೂವತ್ತು ಕಿಲೋಮೀಟರಿನಲ್ಲಿ, ಅದೂ ಬಿದ್ದರೆ. ಉಳಿದದ್ದೆಲ್ಲ ಒಣ ರಸ್ತೆ. ಮೆತ್ತನೆಯ ಟೈರು ಕಾದ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಬ್ರೇಕಿಗೆ ನಿಲ್ಲುವುದೂ ನಿಧಾನ. ಹಾಗಾಗಿ ನಾಲ್ಕೂ ಹಳೆಯ ಟೈರು ತೆಗೆಸಿ, ತಯಾರಾಗಿ ಎರಡೇ ತಿಂಗಳಾಗಿದ್ದ ಮಾಮೂಲಿ ಟೈರು ಹಾಕಿಸಿದೆ. ಎರಡು ಮಾತ್ರ ಸಾಕಲ್ಲವೇ ಎಂದ ಭಾಮೈದ. ಮುಂದಿನವು ಹಿಡಿದು ಹಿಂದಿನವು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ ಎಂದೆ. ಹಿಮಕ್ಕೆಂದು ಟೈರಿಗೆ ಸುತ್ತುವ ಕಬ್ಬಿಣದ ಸರಪಳಿ ಒಂದು ಜೊತೆ ತರಿಸಿದೆ. ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನಾದ್ದರಿಂದ ಅವಕ್ಕೆ ಹಾಕಬೇಕು. ನಮ್ಮ ಘಟಕದ ಅಂಗಳದಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬೆವರು ಸುರಿಸುತ್ತ ಹಿಮದ ಸರಪಳಿ ಕಟ್ಟುವ ಅಭ್ಯಾಸ ಮಾಡಿದೆ. ‘ಸಾರ್ ಗಾಡಿಗೆ ಗೆಜ್ಜೆ ಕಟ್ತಾವ್ರೆ’ ಎಂದು ಹುಡುಗರು ನಕ್ಕರು. ಮೂರನೇ ದಿನಕ್ಕೆ ಹತ್ತು ನಿಮಿಷದಲ್ಲಿ ಕಟ್ಟುವಷ್ಟು ಕೈ ಪಳಗಿತು.

ಐದು ದಿನದ ದಾರಿ. ಹೈದರಾಬಾದು, ನಾಗಪುರ, ಝಾನ್ಸಿ, ದೆಹಲಿ ದಾಟಿ ಅಂಬಾಲಾ. ಆಗ್ರಾದ ಆಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪವೇ ನಮಗೆ ದಿಕ್ಕು. ಮಂಡಿಯ ನಂತರ ಬಿಯಾಸ್ ನದಿ ಜೊತೆಗೆ ಬಂತು. ನಾಗಪುರದಲ್ಲಿ 33 ತುಂಬಿಸಿದ್ದ ಗಾಳಿ ಮನಾಲಿಯಲ್ಲಿ ನೋಡಿದರೆ 29. ಎಲ್ಲೂ ಸೋರಿರಲಿಲ್ಲ. ಐದಾರು ಡಿಗ್ರಿ ತಣ್ಣಗಾದರೆ ಸುಮಾರು ಒಂದು ಅಂಕ ಇಳಿಯುತ್ತದೆ ಎಂಬ ಲೆಕ್ಕ ಕಣ್ಣೆದುರೇ ಸರಿಹೋಗಿತ್ತು. ಗಾಳಿ ಸರಿಮಾಡಿಸಿ, ‘ನೋಡಿದೆಯಾ, ಎಲ್ಲಾ ಲೆಕ್ಕದ ಪ್ರಕಾರ’ ಎಂದು ಭಾಮೈದನಿಗೆ ಹೇಳಿದೆ. ಆ ಮಾತಿನಲ್ಲಿ ಜಂಬವಿತ್ತು.

ಹಿಂದಿನ ದಿನವಷ್ಟೇ ಊರಿನಲ್ಲಿ ಹಿಮ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಸೋಲಂಗ್ ಕಡೆಗೆ ಹೊರಟೆವು. ನಾವಿದ್ದ ವಸತಿಗೃಹದಿಂದ ಮುಖ್ಯರಸ್ತೆಗೆ ಇಳಿಜಾರಿನ ಓಣಿ. ಹಿಮವನ್ನೆಲ್ಲ ಪಕ್ಕಕ್ಕೆ ಎಳೆದು ರಾಶಿ ಹಾಕಿದ್ದರು. ಓಣಿ ಕಪ್ಪಗೆ, ಒದ್ದೆಯಾದ ಡಾಂಬರಿನಂತೆ ಕಾಣುತ್ತಿತ್ತು. ಸರಪಳಿ ಕಟ್ಟಲೇ ಎಂದು ಒಂದು ಕ್ಷಣ ಯೋಚಿಸಿದೆ. ಬರಿಯ ಡಾಂಬರಿನ ಮೇಲೆ ಸರಪಳಿ ಓಡಿಸಬಾರದು, ಹಿಮ ಬಂದಾಗ ಕಟ್ಟಿದರಾಯಿತು ಎಂದುಕೊಂಡು ಡಿಕ್ಕಿಯಲ್ಲೇ ಬಿಟ್ಟೆ.

ಮೊದಲ ತಿರುವಿಗೆ ಬ್ರೇಕ್ ಒತ್ತಿದೆ. ಕಾಲ ಕೆಳಗೆ ಗರಗರ ಎಂದಿತು, ಗಾಡಿ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿಸಿದೆ, ಮೂತಿ ತಿರುಗಲಿಲ್ಲ. ವೇಗವೇನೂ ಇರಲಿಲ್ಲ, ನಡೆಯುವವನಿಗಿಂತ ಸ್ವಲ್ಪ ಹೆಚ್ಚು. ಆದರೆ ಆ ನಿಧಾನವೇ ಭಯಂಕರ. ಏನೂ ಮಾಡಲಾಗದೆ ಮೂರು ಗಾಡಿಯಷ್ಟು ದೂರ ಸದ್ದಿಲ್ಲದೆ ಜಾರಿಹೋಗಿ ಪಕ್ಕದ ಹಿಮದ ರಾಶಿಗೆ ಮೂತಿ ಹುಗಿದು ನಿಂತೆವು. ರಾಶಿಯ ಆಚೆ ಮೊಣಕಾಲೆತ್ತರದ ಗೋಡೆ. ಗೋಡೆಯ ಆಚೆ, ಕೆಳಗೆ, ಯಾರದೋ ಮನೆಯ ತಗಡಿನ ಸೂರು.

ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಅವ್ವ ಕೇಳಿದಳು, ‘ಬ್ರೇಕ್ ಹಾಕ್ಲಿಲ್ವೇನೋ ಮಗ?’

ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ, ಗಾಜಿನಂತೆ ತೆಳುವಾಗಿ ರಸ್ತೆಗೆ ಅಂಟಿಕೊಂಡಿತ್ತು. ಅದು ಪಾರದರ್ಶಕವಾದ್ದರಿಂದ ಕೆಳಗಿನ ಡಾಂಬರೇ ಕಾಣುತ್ತದೆ. ಕಪ್ಪು ಮಂಜುಗಡ್ಡೆ ಎಂದು ಅದಕ್ಕೇ ಕರೆಯುತ್ತಾರೆ. ಸೊನ್ನೆಯ ಆಸುಪಾಸಿನಲ್ಲಿ ಅದರ ಮೇಲೆ ನೀರಿನ ಪೊರೆಯೂ ಇರುವುದರಿಂದ ಕಡುಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದರಿಂದ ಗುರುತು ಸಿಗಲಿಲ್ಲ. ಬೆಟ್ಟದ ಗುರುತಿನ ಟೈರೇ ಇದ್ದಿದ್ದರೂ ಅಲ್ಲಿ ಜಾರುವುದು ಕಡಿಮೆಯಾಗುತ್ತಿತ್ತೇ ಹೊರತು ಇಲ್ಲವಾಗುತ್ತಿರಲಿಲ್ಲ.

ಮೇಲಿನ ಮನೆಯಿಂದ ಮುದುಕರೊಬ್ಬರು ಒಂದು ತಗಡಿನ ಡಬ್ಬ ಹಿಡಿದು ಇಳಿದುಬಂದರು. ಒಂದು ಮಾತೂ ಆಡದೆ ಡಬ್ಬದಿಂದ ಒಲೆಯ ಬೂದಿ ತೆಗೆದು ಚಕ್ರಗಳ ಮುಂದೆ, ಹಿಂದೆ, ಓಣಿಯ ಉದ್ದಕ್ಕೂ ಎರಚಿದರು. ಅವ್ವ ಕಿಟಕಿಯಿಂದ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಎಚ್ಚೆತ್ತಳು. ‘ಬೂದಿ! ಮಳೆಗಾಲದಲ್ಲಿ ಬಾವಿ ಕಟ್ಟೆ ಪಾಚಿ ಕಟ್ಟಿದ್ರೆ ನಾವೂ ಇದೇ ಹಾಕ್ತಿದ್ವಲ್ಲೋ!’ ಐದು ದಿನದಲ್ಲಿ ಮೊದಲ ಬಾರಿ ಅವಳಿಗೆ ಆ ಊರು ಪರಿಚಿತವಾದಂತೆ ಕಂಡಿತು. ಭಾಷೆ ಬಾರದ ಆ ಅಜ್ಜನಿಗೆ ಕನ್ನಡದಲ್ಲೇ ‘ಚೆನ್ನಾಗ್ ಮಾಡಿದ್ರಿ ಕಣಣ್ಣ’ ಎಂದಳು. ಅವರು ತಲೆಯಾಡಿಸಿದರು.

ಗಾಡಿ ಈಚೆಗೆ ಬಂತು, ಬಂಪರಿಗೆ ಗೀರೂ ಆಗಿರಲಿಲ್ಲ. ಆದರೆ ನನ್ನ ಕೈ ನಡುಗುತ್ತಿತ್ತು. ಅಜ್ಜನ ಮಗ ನಾಲ್ಕು ಚಕ್ರವೂ ಎಳೆಯುವ ಬಾಡಿಗೆ ಗಾಡಿ ಓಡಿಸುವವನಂತೆ. ಅವನು ಬಂದು ನನ್ನ ಹೊಸ ಟೈರಿನ ಮೇಲೆ ಹೆಬ್ಬೆರಳು ಒತ್ತಿ, ‘ಟೈರ್ ಒಳ್ಳೇದೇ ಇದೆ. ರಸ್ತೆ ನಿಮ್ಮದಲ್ಲ, ಅಷ್ಟೇ’ ಎಂದು ಹಿಂದಿಯಲ್ಲಿ ಹೇಳಿದ. ಹೆಬ್ಬೆರಳು ಒತ್ತಿದ ರೀತಿ ನೋಡಿ ನನಗೆ ಗಂಟಲು ಕಟ್ಟಿತು. ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಎಲ್ಲರೂ ಅವನ ಗಾಡಿ ಹತ್ತಿದೆವು. ಊರಾಚೆ ಪೊಲೀಸರು ಉಳಿದ ಕಾರುಗಳನ್ನೆಲ್ಲ ವಾಪಸು ಕಳಿಸುತ್ತಿದ್ದರು. ನಾಲ್ಕು ಚಕ್ರ ಎಳೆಯುವ ಗಾಡಿಗಳಿಗೆ ಮಾತ್ರ ಮುಂದಕ್ಕೆ ಬಿಡುಗಡೆ. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಈ ರಸ್ತೆಗೆ ಬರುವ ನಮ್ಮಂಥವರ ಸಾಲು ದೊಡ್ಡದಾಗಿದೆ. ನಾನೂ ಆ ಸಾಲಿನಲ್ಲಿ ನಿಂತು ವಾದ ಮಾಡುತ್ತಿದ್ದೆನೇನೋ, ಆ ಓಣಿ ನನ್ನನ್ನು ಅಷ್ಟರಮಟ್ಟಿಗೆ ತಿದ್ದಿತ್ತು.

ಸೋಲಂಗಿನಲ್ಲಿ ಅವ್ವನನ್ನು ಎರಡೂ ಕಡೆ ಹಿಡಿದು ಇಳಿಸಿದೆವು. ಸುತ್ತ ಬಿಳುಪು. ಅವಳು ನಿಧಾನ ಬಗ್ಗಿ, ಕೈಗವಸು ತೆಗೆದು, ಒಂದು ಹಿಡಿ ಎತ್ತಿಕೊಂಡಳು. ಮೂವತ್ತೈದು ವರ್ಷದ ಆಸೆ. ಅವಳು ಅಳಬಹುದು ಎಂದು ನನ್ನ ಹೆಂಡತಿ ಕರವಸ್ತ್ರ ಹಿಡಿದು ನಿಂತಿದ್ದಳು.

‘ಅಯ್ಯೋ, ನಮ್ಮ ಫ್ರಿಜ್ಜಿನ ಒಳಗೆ ಕೆರೆದಂಗೇ ಇದೆ’ ಎಂದಳು ಅವ್ವ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮಪ್ಪ ಇದ್ದಿದ್ರೆ ಟೈರ್ ನೋಡ್ತಾ ಅಲ್ಲೇ ನಿಂತಿರ್ತಿದ್ದ’ ಎಂದಳು. ಕೈಯಲ್ಲಿದ್ದದ್ದು ಪೂರ್ತಿ ನೀರಾಗುವವರೆಗೂ ಬಿಡಲಿಲ್ಲ.

ಊರಿಗೆ ಬಂದು ಆರು ತಿಂಗಳಾಯಿತು. ಫ್ರೀಜರಿನ ಆ ತುಂಡು ಈಗ ಘಟಕದ ನನ್ನ ಮೇಜಿನ ಮೇಲಿದೆ. ಮತ್ತೆ ಅಳೆದೆ, 64ಕ್ಕೇ ಬಂದು ನಿಂತಿದೆ. ಚಳಿಯಿಂದ ಬಂದ ಬಿಗಿತ ಬಿಸಿಲಿಗೆ ಬಿಡುತ್ತದೆ, ವಯಸ್ಸಿನಿಂದ ಬಂದದ್ದು ಬಿಡುವುದಿಲ್ಲ. ಲಡಾಖಿಗೆ, ಸ್ಪಿತಿಗೆ ಹೊರಟ ಹುಡುಗರು ಈಗ ನನ್ನನ್ನು ಹುಡುಕಿಕೊಂಡು ಬಂದು ಯಾವ ಟೈರು ಹಾಕಿಸಲಿ ಎಂದು ಕೇಳುತ್ತಾರೆ. ಮೊದಲು ಈಗಿರುವ ಟೈರಿನ ವಯಸ್ಸು ಓದಿಸುತ್ತೇನೆ. ನಾಲ್ಕೂ ಒಂದೇ ಥರದ್ದಿರಲಿ ಎನ್ನುತ್ತೇನೆ. ಸರಪಳಿ ಬೇಕಾದರೆ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ, ಒಯ್ಯಿ ಎನ್ನುತ್ತೇನೆ. ಕೊನೆಯ ಮೂವತ್ತು ಕಿಲೋಮೀಟರು ಓಡಿಸುವವರು ಯಾರು ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ನಾನೂ ಹೋಗುವ ಮುಂಚೆ ನಗುತ್ತಿದ್ದೆ.

ಅವ್ವ ಕೊಡುವ ಸಲಹೆ ಬೇರೆ. ‘ಮುಂದಿನ ಸಲ ಹೋಗೋವಾಗ ಒಂದು ಚೀಲ ಬೂದಿ ಇಟ್ಕೊಳ್ರೋ’ ಎನ್ನುತ್ತಾಳೆ. ಸರಿಯಾದ ಮಾತು. ಆದರೆ ಮನೆಮನೆಗೂ ಗ್ಯಾಸ್ ಒಲೆ ಬಂದಿರುವ ರಾಜಗೋಪಾಲನಗರದಲ್ಲಿ ಬೂದಿ ಎಲ್ಲಿ ಸಿಗುತ್ತದೆ ಎಂದು ನಾನು ಇನ್ನೂ ಹುಡುಕುತ್ತಿದ್ದೇನೆ.